ಜಾನ್ ಬ್ರೌನ್‌ಗಿಂತ ಮೊದಲೇ ಹೊತ್ತಿದ ಕ್ಯಾನ್ಸಸ್

ಅಮೆರಿಕದ ಕ್ಯಾನ್ಸಸ್ ಪ್ರಾಂತ್ಯದ ರಕ್ತಪಾತವನ್ನು ಶುರುಮಾಡಿದವನು ಗುಲಾಮಗಿರಿಯ ಉಗ್ರ ವಿರೋಧಿ ಜಾನ್ ಬ್ರೌನ್ ಅಲ್ಲವೇ ಎಂದು ಕೇಳಿದ್ದೀರಿ. ಅಲ್ಲ, ಅವನಿಗಿಂತ ಮೊದಲೇ ಹೆಣ ಬಿದ್ದಿದ್ದವು. ಕ್ಯಾನ್ಸಸ್‌ನಲ್ಲಿ ಗುಲಾಮಗಿರಿ ಬೇಕೋ ಬೇಡವೋ ಎಂಬುದನ್ನು 1854ರ ಕಾಯ್ದೆ ಅಲ್ಲಿ ನೆಲೆಸುವ ವಲಸಿಗರ ಮತಕ್ಕೆ ಬಿಟ್ಟಿತು. ಜಗಳದ ಬೇರು ಅಲ್ಲಿದೆ. 1855ರ ಮಾರ್ಚ್ ಚುನಾವಣೆಯಲ್ಲಿ ಗುಲಾಮಗಿರಿ ಇದ್ದ ಪಕ್ಕದ ಮಿಸೌರಿ ರಾಜ್ಯದವರು ಬಂದೂಕು ಹಿಡಿದು ಬಂದು ಮತ ಹಾಕಿದರು. ಅರ್ಹ ಮತದಾರರು 2,905. ಬಿದ್ದ ಮತ 6,000ಕ್ಕೂ ಹೆಚ್ಚು! ಹೀಗೆ ಹುಟ್ಟಿದ ಶಾಸನಸಭೆಗೆ ಯಾರು ತಲೆಬಾಗುತ್ತಾರೆ? ಗುಲಾಮಗಿರಿ ವಿರೋಧಿಗಳು ತಮ್ಮದೇ ಸರ್ಕಾರ ಕಟ್ಟಿಕೊಂಡರು. 1856ರ ಮೇ 21ರಂದು ಗುಲಾಮಗಿರಿ ಪರ ಗುಂಪು ವಿರೋಧಿಗಳ ನೆಲೆಯಾದ ಲಾರೆನ್ಸ್ ಪಟ್ಟಣಕ್ಕೆ ನುಗ್ಗಿ ಅಚ್ಚುಯಂತ್ರಗಳನ್ನು ಒಡೆದು, ಹೋಟೆಲ್ ಸುಟ್ಟಿತು. ಮೂರು ದಿನಗಳ ಬಳಿಕ, ರಾತ್ರಿ, ಬ್ರೌನ್‌ನ ತಂಡ ಪಾಟವಾಟಮಿ ಹಳ್ಳದ ಬಳಿ ಗುಲಾಮಗಿರಿ ಪರ ಐವರನ್ನು ಮನೆಗಳಿಂದ ಎಳೆದು ಕತ್ತಿಯಿಂದ ಕೊಚ್ಚಿತು. ಅದನ್ನು ನಾನು ಸಮರ್ಥಿಸುವುದಿಲ್ಲ; ಸತ್ತವರಲ್ಲಿ ಯಾರೂ ಗುಲಾಮರ ಒಡೆಯರಾಗಿರಲಿಲ್ಲ.