ಶಾಲೆಯೊಳಗಿನ ಪೊಲೀಸಪ್ಪ

ಓದುಗರ ಪತ್ರ: ಮೈಸೂರು ಬಿಟ್ಟು ಅಮೆರಿಕದ ನಾರ್ತ್ ಕ್ಯಾರೊಲಿನಾಗೆ ಬಂದು ಒಂದು ವರ್ಷವಾಯಿತು. ಮಗನಿಗೆ 13. ಅವನ ಶಾಲೆಯಲ್ಲಿ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡ ಪೊಲೀಸರು ದಿನಾ ಇರುತ್ತಾರೆ. ಊಟದ ಹೊತ್ತಿಗೆ ಮಕ್ಕಳ ಪಕ್ಕ ಬಂದು ಕೂತು ಮಾತಾಡಿಸುತ್ತಾರಂತೆ. ಕೇಳಿದಾಗ ಎದೆ ಧಸಕ್ಕೆಂದಿತು. ಅವರ ಹತ್ತಿರ ಮಾತಾಡಬೇಡ ಅಂತ ಹೇಳಲಾ?

ಸಂಪಾದಕರ ಉತ್ತರ: ಹಾಗೆ ಹೇಳಬೇಡಿ. ನಿಮ್ಮ ಭಯ ನಮಗೂ ಗೊತ್ತು. "ಪೊಲೀಸಿಗೆ ಹಿಡ್ಕೊಡ್ತೀನಿ ನೋಡು" ಅಂತ ಹೆದರಿಸಿ ತುತ್ತು ಇಡುತ್ತಿದ್ದ ಮನೆಗಳಲ್ಲೇ ಅಲ್ವಾ ನಾವೆಲ್ಲ ಬೆಳೆದಿದ್ದು! ಆದರೆ ಊಟದ ಮೇಜಿಗೆ ಬಂದು ಕೂರುವ ಆ ಪೊಲೀಸರು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದಾರೆ. ಗಲಾಟೆ ಆದ ದಿನ ಮಾತ್ರ ಬಂದರೆ ಮಗುವಿನ ಪರಿಚಯ ಆಗುವುದು ಹೇಗೆ?

ಇವರನ್ನು ಅಲ್ಲಿ ಸ್ಕೂಲ್ ರಿಸೋರ್ಸ್ ಆಫೀಸರ್ ಅನ್ನುತ್ತಾರೆ. 1950ರ ದಶಕದಲ್ಲಿ ಮಿಷಿಗನ್‌ನ ಫ್ಲಿಂಟ್‌ನಲ್ಲಿ ಶುರುವಾದ ಪದ್ಧತಿ ಇದು. 1999ರಲ್ಲಿ ಕೊಲಂಬೈನ್ ಶಾಲೆಯಲ್ಲಿ ಗುಂಡಿನ ದಾಳಿ ನಡೆದ ಮೇಲೆ ಎಲ್ಲ ಕಡೆ ಹಬ್ಬಿತು. ಕಾನೂನು ಕಾಯುವುದು, ಪಾಠ ಹೇಳುವುದು, ಮಕ್ಕಳ ಕಷ್ಟ ಕೇಳುವುದು, ಮೂರೂ ಇವರ ಕೆಲಸ. ತರಗತಿಯ ತಂಟೆ ತಕರಾರಿಗೆ ಇವರು ಕೈ ಹಾಕಬಾರದು ಅಂತ ಇವರ ರಾಷ್ಟ್ರೀಯ ಸಂಘವೇ ಹೇಳುತ್ತದೆ.

ಕೈ ಹಾಕಿದರೆ ಏನಾಗುತ್ತದೆ ಅನ್ನುವುದನ್ನು ಫಿಲಡೆಲ್ಫಿಯಾ ನೋಡಿದೆ. 2013-14ರಲ್ಲಿ ಅಲ್ಲಿನ ಶಾಲೆಗಳಲ್ಲಿ ಸುಮಾರು 1,600 ಬಂಧನಗಳಾಗಿದ್ದವು. ಬ್ಯಾಗಿನಲ್ಲಿ ಕತ್ತರಿ ಸಿಕ್ಕರೂ ಕೇಸು. ಆಗ ಪೊಲೀಸ್ ಉಪ ಆಯುಕ್ತರಾಗಿದ್ದ ಕೆವಿನ್ ಬೆಥೆಲ್ ಇದನ್ನು ನೋಡಿ ಸುಮ್ಮನಿರಲಿಲ್ಲ. 2014ರ ಮೇ ತಿಂಗಳಲ್ಲಿ ಹೊಸ ದಾರಿ ಹಿಡಿದರು. ಮೊದಲ ಸಲ ಸಣ್ಣ ತಪ್ಪು ಮಾಡಿದ ಮಗುವಿಗೆ ಕೋಳ ಇಲ್ಲ, ಕೇಸು ಇಲ್ಲ. ಬದಲಿಗೆ ಮೂರು ದಿನದೊಳಗೆ ಸಮಾಜ ಕಾರ್ಯಕರ್ತರು ಮನೆಗೆ ಹೋಗಿ ಕೂತು, ಮನೆಯವರಿಗೆ ಏನು ಬೇಕು ಅಂತ ಕೇಳುತ್ತಾರೆ. ಮೊದಲ ವರ್ಷದಲ್ಲೇ ಬಂಧನಗಳು ಅರ್ಧಕ್ಕಿಂತ ಕೆಳಗೆ ಇಳಿದವು. ಬೆಥೆಲ್ ಈ ಕೆಲಸವನ್ನು ಪೊಲೀಸ್ ಇಲಾಖೆಯ ಒಳಗಿದ್ದುಕೊಂಡೇ ಶುರು ಮಾಡಿದರು ಅನ್ನುವುದು ನಮಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ಇನ್ನು ಎಚ್ಚರಿಕೆಯ ಮಾತು. ಅದೂ ನಿಮ್ಮ ರಾಜ್ಯದ್ದೇ. 2005ರಲ್ಲಿ ಚಾಪೆಲ್ ಹಿಲ್‌ನಲ್ಲಿ ನಿಮ್ಮ ಮಗನ ವಯಸ್ಸಿನ ಹುಡುಗನೊಬ್ಬನನ್ನು ಸಮವಸ್ತ್ರದ ಪೊಲೀಸರು ಪಾಠದ ಮಧ್ಯೆ ಎಬ್ಬಿಸಿಕೊಂಡು ಹೋದರು. ಬಾಗಿಲು ಹಾಕಿದ ಕೋಣೆ. ಸುತ್ತ ನಾಲ್ಕು ಜನ ದೊಡ್ಡವರು. ಅರ್ಧ ಗಂಟೆಗೂ ಜಾಸ್ತಿ ಪ್ರಶ್ನೆಗಳು. ಅವನನ್ನು ಸಾಕುತ್ತಿದ್ದ ಅಜ್ಜಿಯ ಹತ್ತಿರ ಮಾತಾಡಲು ಬಿಡಲಿಲ್ಲ, ಸುಮ್ಮನಿರುವ ಹಕ್ಕು ನಿನಗಿದೆ ಅಂತಲೂ ಹೇಳಲಿಲ್ಲ. ಹುಡುಗ ಕಳ್ಳತನ ಒಪ್ಪಿಕೊಂಡ. 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಮಗು ಪೊಲೀಸರ ವಶದಲ್ಲಿತ್ತೋ ಇಲ್ಲವೋ ಅಂತ ನಿರ್ಧರಿಸುವಾಗ ಅದರ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು ಅಂತ ತೀರ್ಪು ಕೊಟ್ಟಿತು. ಎದ್ದು ಹೋಗಬಹುದು ಅಂತ ದೊಡ್ಡವರಿಗೆ ಹೊಳೆಯುತ್ತದೆ, ಹದಿಮೂರರ ಹುಡುಗನಿಗೆ ಎಲ್ಲಿ ಹೊಳೆಯಬೇಕು?

ಹಾಗಾಗಿ ಮಗನಿಗೆ ಒಂದು ಮಾತು ಕಲಿಸಿಡಿ. ಕ್ರಿಕೆಟ್ಟು, ಊಟ, ಊರಿನ ಸುದ್ದಿ ಎಷ್ಟು ಬೇಕಾದರೂ ಮಾತಾಡಲಿ. ಆದರೆ "ಇದನ್ನು ಯಾರು ಮಾಡಿದ್ದು?" ಅಂತ ವಿಚಾರಣೆ ಶುರುವಾದರೆ, "ಅಪ್ಪ ಅಮ್ಮ ಬರಲಿ, ಆಮೇಲೆ ಹೇಳ್ತೀನಿ" ಅನ್ನಲಿ. ಇದನ್ನು ಉದ್ಧಟತನ ಅಂತ ಅಂದುಕೊಳ್ಳಬೇಡಿ. ವಶದಲ್ಲಿಟ್ಟುಕೊಂಡು ವಿಚಾರಿಸುವಾಗ ಹೆತ್ತವರು ಜೊತೆಗಿರುವ ಹಕ್ಕನ್ನು ನಿಮ್ಮ ರಾಜ್ಯದ ಕಾನೂನೇ ಮಕ್ಕಳಿಗೆ ಕೊಟ್ಟಿದೆ.

ನೀವೂ ಒಮ್ಮೆ ಶಾಲೆಗೆ ಹೋಗಿ ಆ ಪೊಲೀಸರನ್ನು ಕಾಣಿ. ಒಂದು ವಿಷಯವನ್ನು ಮರೆಯದೆ ಹೇಳಿ. ಹಿರಿಯರು ಗದರಿದರೆ ನಮ್ಮ ಮಕ್ಕಳು ತಲೆ ತಗ್ಗಿಸಿ ನೆಲ ನೋಡುತ್ತಾರೆ. ನಮ್ಮ ಮನೆಗಳಲ್ಲಿ ಅದು ಮರ್ಯಾದೆ. ಅಲ್ಲಿ "ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಿಲ್ಲ, ಏನೋ ಮುಚ್ಚಿಡುತ್ತಿದ್ದಾನೆ" ಅಂತ ಆಗಿಬಿಡಬಹುದು. ಇದು ಅವರಿಗೆ ತಾನಾಗಿ ಗೊತ್ತಾಗುವುದಿಲ್ಲ, ನೀವೇ ಹೇಳಬೇಕು. ಮಗ ಹೇಳಿದ್ದು ಅವರಲ್ಲೇ ಉಳಿಯುತ್ತದೆಯೋ, ಕೇಸಿನ ಕಾಗದಕ್ಕೂ ಹೋಗಬಹುದೋ ಅಂತ ನೇರವಾಗಿ ಕೇಳಿ. ಹಾಗೇ ಅವನ ಹೆಸರನ್ನು ಹೇಗೆ ಕರೆಯಬೇಕು ಅಂತ ನಿಧಾನಕ್ಕೆ ಎರಡು ಸಲ ಹೇಳಿಕೊಟ್ಟು ಬನ್ನಿ.