ಯಹೂದಿಗಳ ಹನುಕ್ಕಾ ಹಬ್ಬಕ್ಕೆ ಸಿನಗಾಗ್‌ಗೆ, ಅಂದರೆ ಅವರ ಪ್ರಾರ್ಥನಾ ಮಂದಿರಕ್ಕೆ, ಕರೆದಿದ್ದಾರೆ. ಅಲ್ಲಿ ಏನು ನಡೆಯುತ್ತದೆ, ದಿನದ ಬದುಕಿಗೂ ಈ ಹಬ್ಬಕ್ಕೂ ಏನು ಸಂಬಂಧ?

ನಿಮ್ಮ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳಿವೆ. ಆಫೀಸಿನ ಗೆಳೆಯರು ಹನುಕ್ಕಾ ಸಂಜೆ ಥಾಣೆಯ ಸಿನಗಾಗ್‌ಗೂ ಆಮೇಲೆ ಮನೆಗೂ ಕರೆದಿದ್ದಾರೆ, ಅಲ್ಲಿ ಏನು ನಡೆಯುತ್ತದೆ? ಇದು ಯಹೂದಿಗಳ ದೀಪಾವಳಿ ಅಂತಾರಲ್ಲ, ದಿನದ ಬದುಕಿನಲ್ಲಿ ಇದಕ್ಕೇನು ಅರ್ಥ? ಮತ್ತೆ, ಅವರ ಮನೆಗೆ ಏನು ಒಯ್ಯಬೇಕು?

ನಾನು ಯಹೂದಿ ಅಲ್ಲ. ಧಾರವಾಡದ ಕಡೆಯವನು, ಥಾಣೆಗೆ ಬಂದು ಬಹಳ ವರ್ಷಗಳಾದವು. ಪಕ್ಕದ ಮನೆಯವರು ಬೆನೆ ಇಸ್ರೇಲ್, ಅಂದರೆ ಕೊಂಕಣದ ಯಹೂದಿ ಸಮುದಾಯದವರು. ಆ ಮನೆಯ ಹಿರಿಯರನ್ನು ನಾವು ಕಾಕಾ ಅಂತಲೇ ಕರೆಯುತ್ತೇವೆ. ಅವರ ಅಡ್ಡಹೆಸರಿನಲ್ಲಿ ಕೊಂಕಣದ ಒಂದು ಹಳ್ಳಿ ಇದೆ, ಕೊನೆಗೆ 'ಕರ್' ಇದೆ. ಮನೆಮಾತು ಮರಾಠಿ. ಬಾಗಿಲ ಚೌಕಟ್ಟಿಗೆ ಹೊಡೆದಿರುವ ಸಣ್ಣ ಮೆಝೂಝಾ (ಧರ್ಮಗ್ರಂಥದ ಸಾಲು ಬರೆದಿಟ್ಟ ಕೊಳವೆ) ಕಣ್ಣಿಗೆ ಬೀಳುವವರೆಗೆ ಅವರು ಯಹೂದಿಗಳು ಅಂತ ಹೊಸಬರಿಗೆ ಗೊತ್ತಾಗುವುದಿಲ್ಲ.

ಮೊದಲು ದೀಪಾವಳಿಯ ಮಾತು. ದೀಪ ಇದೆ, ಎಣ್ಣೆ ಇದೆ, ಕರಿದ ತಿಂಡಿ ಇದೆ, ಅದಕ್ಕೇ ಜನ ಹಾಗೆ ಹೇಳುತ್ತಾರೆ. ಆದರೆ ದೀಪಾವಳಿ ನಮಗೆ ದೊಡ್ಡ ಹಬ್ಬ, ಹನುಕ್ಕಾ ಅವರಿಗೆ ಚಿಕ್ಕದು. ಅವರ ದೊಡ್ಡ ಹಬ್ಬ ಯೋಮ್ ಕಿಪ್ಪುರ್, ಅಂದರೆ ಪ್ರಾಯಶ್ಚಿತ್ತದ ದಿನ, ಕೆಲಸ ಮಾಡುವಂತಿಲ್ಲ, ಊಟವನ್ನೂ ಮಾಡುವಂತಿಲ್ಲ. ಹನುಕ್ಕಾದಲ್ಲಿ ಹಾಗಲ್ಲ. ಎಂಟೂ ದಿನ ಆಫೀಸು, ಅಂಗಡಿ, ಲೋಕಲ್ ರೈಲಿನ ನೂಕಾಟ ಎಲ್ಲ ಎಂದಿನಂತೆ. ಅಮೆರಿಕದಲ್ಲಿ ಕ್ರಿಸ್‌ಮಸ್ಸಿನ ಹತ್ತಿರ ಬರುವುದರಿಂದ ಅದು ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ನನ್ನನ್ನು ಕೇಳಿದರೆ, ದಿನದ ಬದುಕಿಗೆ ಅದು ಒಗ್ಗುವುದೇ ಈ ಚಿಕ್ಕತನದಿಂದ. ಕೆಲಸ ಮುಗಿಸಿ ಸುಸ್ತಾಗಿ ಬಂದವರು ಮಾಡುವ ಹಬ್ಬ ಇದು.

ಕಥೆ ನಿಮಗೆ ಗೊತ್ತಿರಬಹುದು. ಯೆಹೂದ ನಾಡನ್ನು ಆಳುತ್ತಿದ್ದ ಗ್ರೀಕ್ ದೊರೆ ನಾಲ್ಕನೇ ಅಂತಿಯೋಕಸ್ ಯಹೂದಿ ಆಚರಣೆಗಳಿಗೆ ನಿಷೇಧ ಹಾಕಿದ. ಜೆರುಸಲೇಮಿನ ದೇವಾಲಯ ಮೈಲಿಗೆಯಾಯಿತು. ಮತ್ತಾತಿಯ ಎಂಬ ಪುರೋಹಿತ ಮತ್ತು ಅವನ ಮಕ್ಕಳು ಬಂಡೆದ್ದರು. ಮಗ ಯೂದ ಮಕ್ಕಬಿ ಕ್ರಿ.ಪೂ. 164ರಲ್ಲಿ ದೇವಾಲಯವನ್ನು ಮತ್ತೆ ಶುದ್ಧ ಮಾಡಿಸಿದ. ಒಂದು ದಿನಕ್ಕಾಗುವಷ್ಟು ಎಣ್ಣೆ ಎಂಟು ದಿನ ಉರಿಯಿತು ಎನ್ನುವ ಭಾಗ ಮಕ್ಕಬಿಯರ ಚರಿತ್ರೆಯ ಪುಸ್ತಕಗಳಲ್ಲಿ ಇಲ್ಲ. ಅದು ನೂರಾರು ವರ್ಷಗಳ ನಂತರದ ಧರ್ಮಗ್ರಂಥವಾದ ತಾಲ್ಮುದ್‌ನಲ್ಲಿ ಬರುತ್ತದೆ. ಯುದ್ಧ ಗೆದ್ದ ಹಬ್ಬ ಹೀಗೆ ಎಣ್ಣೆ ಉಳಿದ ಹಬ್ಬವಾಯಿತು.

ನಿಮ್ಮ ಗೆಳೆಯರ ಸಮುದಾಯದ ವಿಚಾರಕ್ಕೆ ಬಂದರೆ ಇದು ಇನ್ನೂ ಸ್ವಾರಸ್ಯದ್ದು. ಬೆನೆ ಇಸ್ರೇಲರ ಪರಂಪರೆಯ ಪ್ರಕಾರ ಅವರ ಹಿರಿಯರು ಬಂದ ಹಡಗು ಅಲಿಬಾಗ್ ಹತ್ತಿರದ ನವಗಾಂವ್ ಬಳಿ ಒಡೆಯಿತು. ಬದುಕಿ ದಡ ಸೇರಿದ್ದು ಏಳು ಗಂಡಸರು, ಏಳು ಹೆಂಗಸರು. ಪುಸ್ತಕಗಳೆಲ್ಲ ನೀರುಪಾಲು. ಕೊಂಕಣದ ಹಳ್ಳಿಗಳಲ್ಲಿ ಅವರು ಗಾಣ ಹಾಕಿ ಎಣ್ಣೆ ತೆಗೆಯುವವರಾದರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು 'ಶನಿವಾರ ತೇಲಿ' ಅಂತ ಕರೆದರು. ಶನಿವಾರದ ಬಿಡುವು, ಸುನ್ನತಿ, ಊಟದ ಕಟ್ಟಳೆ, ಒಂದು ಪ್ರಾರ್ಥನೆಯ ಮೊದಲ ಸಾಲು, ಇಷ್ಟು ಉಳಿದಿತ್ತು. ಹನುಕ್ಕಾ ಮಾತ್ರ ಗೊತ್ತೇ ಇರಲಿಲ್ಲ. ತಮ್ಮವರು ದೇಶ ಬಿಟ್ಟಿದ್ದು ಮಕ್ಕಬಿಯರ ಗೆಲುವಿಗೆ ಮುಂಚೆ, ಅದಕ್ಕೇ ಹೀಗೆ ಅಂತ ಅವರು ಹೇಳುತ್ತಾರೆ. ಆಮೇಲೆ ಕೊಚ್ಚಿಯ ಯಹೂದಿಗಳ ಒಡನಾಟ ಬೆಳೆಯಿತು, ಅಲ್ಲಿಂದ ಬಂದ ಗುರುಗಳಿಂದ ಉಳಿದ ಆಚರಣೆಗಳನ್ನು ಕಲಿತರು. ಅಂದರೆ ಎಷ್ಟೋ ತಲೆಮಾರು ಎಣ್ಣೆ ತೆಗೆದವರಿಗೆ ಎಣ್ಣೆಯ ಹಬ್ಬವೇ ಗೊತ್ತಿರಲಿಲ್ಲ! ಕಾಕಾನಿಗೆ ಇದನ್ನು ಹೇಳಿಕೊಂಡು ನಗುವುದೆಂದರೆ ಬಹಳ ಇಷ್ಟ.

ಇನ್ನು ಸಿನಗಾಗ್. ಥಾಣೆಯ ಶಾಅರ್ ಹಶಮಾಯಿಮ್ 1879ರದ್ದು. ಹನುಕ್ಕಾ ಸಂಜೆ ಅಲ್ಲಿ ಎಂದಿನ ಪ್ರಾರ್ಥನೆ ಇರುತ್ತದೆ, ಅದರ ಜತೆಗೆ ದೀಪ. ಎಂಟು ದೀಪಗಳ ಸಾಲು, ಪಕ್ಕದಲ್ಲಿ ಹಚ್ಚಲು ಬಳಸುವ ಇನ್ನೊಂದು. ಮೊದಲ ಸಂಜೆ ಒಂದು, ಎರಡನೆಯ ಸಂಜೆ ಎರಡು, ಹೀಗೆ ಏರುತ್ತಾ ಹೋಗುತ್ತದೆ. ಗಮನಿಸಬೇಕಾದ ಸಂಗತಿ ಏನೆಂದರೆ, ಸಿನಗಾಗ್‌ನಲ್ಲಿ ಹಚ್ಚಿದ್ದನ್ನು ನೋಡಿದರೆ ಮನೆಯ ಲೆಕ್ಕ ಮುಗಿಯುವುದಿಲ್ಲ. ಪ್ರತಿ ಮನೆಯಲ್ಲೂ ಮತ್ತೆ ಹಚ್ಚಬೇಕು. ಅಲ್ಲಿ ಹಚ್ಚಿದ ಹಝ್ಝಾನ್, ಅಂದರೆ ಪ್ರಾರ್ಥನೆ ನಡೆಸುವವರು, ಅವರಿಗೂ ವಿನಾಯಿತಿ ಇಲ್ಲ.

ವರ್ಷವಿಡೀ ಸಿನಗಾಗ್ ನಡೆಯುವ ರೀತಿ ತಿಳಿದರೆ ಈ ಸಂಜೆ ಚೆನ್ನಾಗಿ ಅರ್ಥವಾಗುತ್ತದೆ. ಪೂರ್ತಿ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಯಹೂದಿ ಗಂಡಸರು ಬೇಕು. ಅದಕ್ಕೆ ಮಿನ್ಯಾನ್ ಅನ್ನುತ್ತಾರೆ. ಒಂಬತ್ತು ಜನ ಎಷ್ಟೇ ಓದಿಕೊಂಡಿದ್ದರೂ ತೀರಿಹೋದ ತಂದೆಗಾಗಿ ಒಬ್ಬ ಮಗ ಹೇಳಬೇಕಾದ ಕದ್ದಿಶ್ ಪ್ರಾರ್ಥನೆ ಹೇಳಲಾಗುವುದಿಲ್ಲ. 1948ರ ಹೊತ್ತಿಗೆ ಸುಮಾರು 20,000 ಇದ್ದ ಬೆನೆ ಇಸ್ರೇಲರಲ್ಲಿ ಹೆಚ್ಚಿನವರು ಆಮೇಲೆ ಇಸ್ರೇಲ್‌ಗೆ ಹೋದರು. ಈಗ ಭಾರತದಲ್ಲಿರುವವರು 5,000ಕ್ಕಿಂತ ಕಡಿಮೆ. ಥಾಣೆಯಲ್ಲಿ ಪರವಾಗಿಲ್ಲ, ಜನ ಇದ್ದಾರೆ. ಮುಂಬೈಯ ಹಳೆಯ ಸಿನಗಾಗ್‌ಗಳಲ್ಲಿ ವಾರದ ದಿನ ಹತ್ತನೆಯವರಿಗಾಗಿ ಕಾಯಬೇಕಾಗುತ್ತದೆ. ಕಾಕಾನ ಫೋನಿಗೆ ಕೆಲವೊಮ್ಮೆ ಸಂಜೆ ಕರೆ ಬರುತ್ತದೆ, "ಒಬ್ಬರು ಕಮ್ಮಿ ಇದ್ದಾರೆ" ಅಂತ. ಅವರು ಟೋಪಿ ಜೇಬಿಗೆ ಹಾಕಿಕೊಂಡು ಹೊರಡುತ್ತಾರೆ. ಮಂಡಿ ನೋವು ಅಂತ ಮಧ್ಯಾಹ್ನ ಮಾರ್ಕೆಟ್ಟಿಗೆ ಬರಲು ಒಲ್ಲೆ ಅಂದವರು! ಸಮುದಾಯ ಅಂದರೆ ಏನು ಅಂತ ಕೇಳಿದರೆ, ನನಗೆ ಕಂಡ ಉತ್ತರ ಇದೇ. ಭಕ್ತಿ ಎಷ್ಟಿದೆ ಅಂತ ಯಾರೂ ಕೇಳುವುದಿಲ್ಲ. ನೀವು ಬರಬೇಕು, ಅಷ್ಟೇ. ನಿಮ್ಮನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ ಬಿಡಿ. ಬೇಜಾರು ಮಾಡಿಕೊಳ್ಳಬೇಡಿ, ನನ್ನನ್ನೂ ಹಿಡಿಯುವುದಿಲ್ಲ.

ಅಂದಹಾಗೆ ನಮಗೂ ಈ ಕಥೆಯಲ್ಲಿ ಒಂದು ಪಾಲಿದೆ. ಮುಂಬೈಯ ಮೊದಲ ಸಿನಗಾಗ್ ಕಟ್ಟಿಸಿದ್ದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ಎಝೆಕಿಯೆಲ್ ದಿವೇಕರ್, 1796ರಲ್ಲಿ. ಮೈಸೂರು ಯುದ್ಧದಲ್ಲಿ ಅವರು ಟಿಪ್ಪುವಿಗೆ ಸೆರೆ ಸಿಕ್ಕಿದ್ದರು. ಬೆನೆ ಇಸ್ರೇಲ್ ಎಂಬ ಹೆಸರು ಕುರಾನ್‌ನಲ್ಲಿದೆ ಅಂತ ಟಿಪ್ಪುವಿನ ತಾಯಿ ಅವರನ್ನು ಉಳಿಸಿದರಂತೆ. ಬದುಕಿ ಊರು ಸೇರಿದರೆ ದೇವರಿಗೆ ಮನೆ ಕಟ್ಟುತ್ತೇನೆ ಅಂತ ದಿವೇಕರ್ ಹರಕೆ ಹೊತ್ತಿದ್ದರಂತೆ. ಸಮುದಾಯದ ಹಿರಿಯರು ಹೇಳುವ ಕಥೆ ಇದು. ಆ ಸಿನಗಾಗ್ ಅಂತೂ ಮಾಂಡವಿಯಲ್ಲಿ ಇವತ್ತಿಗೂ ಇದೆ, ಈಗಿನ ಕಟ್ಟಡ ಮಾತ್ರ ಆಮೇಲಿನದು.

ಈಗ ಅರ್ಥದ ಪ್ರಶ್ನೆ. ದೊಡ್ಡ ಮಾತುಗಳಿಗಿಂತ ದೀಪದ ಕಟ್ಟಳೆಗಳಲ್ಲಿ ನನಗೆ ಅದು ಜಾಸ್ತಿ ಕಾಣುತ್ತದೆ. ಒಂದು, ಹನುಕ್ಕಾ ದೀಪದ ಬೆಳಕನ್ನು ಬಳಸುವಂತಿಲ್ಲ. ಅದರಲ್ಲಿ ಓದುವಂತಿಲ್ಲ, ಲೆಕ್ಕ ಬರೆಯುವಂತಿಲ್ಲ. ಹಚ್ಚಿ ಅರ್ಧ ಗಂಟೆಯಾದರೂ ಅದು ಉರಿಯಬೇಕು. ಆ ಹೊತ್ತಿನಲ್ಲಿ ಹೆಂಗಸರು ಮನೆಗೆಲಸ ಮುಟ್ಟಬಾರದು ಎನ್ನುವ ರೂಢಿ ಇದೆ. ಕಾಕಾನ ಹೆಂಡತಿ ಕಾಕು ಅದನ್ನು ಬಿಗಿಯಾಗಿ ಪಾಲಿಸುತ್ತಾರೆ. ಆಗ ಕುಕ್ಕರ್ ಕೂಗಿದರೆ ಕಾಕಾನೇ ಎದ್ದು ಹೋಗಬೇಕು. ಪಕ್ಕದ ಮನೆಯಲ್ಲಿ ಕೂತು ನೋಡುವ ನನಗೂ ಸುಮ್ನೆ ಕೂರುವುದು ಎಷ್ಟು ಕಷ್ಟ ಅಂತ ಗೊತ್ತಾಗಿದ್ದು ಆಗಲೇ.

ಇನ್ನೊಂದು, ಬಡತನದ ಲೆಕ್ಕ. ಶುಕ್ರವಾರ ಸಂಜೆ ಮನೆಯಲ್ಲಿ ಒಂದೇ ದೀಪಕ್ಕೆ ಆಗುವಷ್ಟು ಎಣ್ಣೆ ಇದ್ದರೆ ಏನು ಮಾಡಬೇಕು? ಶಬ್ಬಾತ್ (ಶುಕ್ರವಾರ ಸಂಜೆ ಶುರುವಾಗುವ ಶನಿವಾರದ ಬಿಡುವು) ದೀಪ ಹಚ್ಚಬೇಕೋ, ಹನುಕ್ಕಾ ದೀಪವೋ? ತಾಲ್ಮುದ್‌ನಲ್ಲಿ ಈ ಪ್ರಶ್ನೆ ಬರುತ್ತದೆ. ರಾವಾ ಎಂಬ ಪಂಡಿತ ಶಬ್ಬಾತ್ ದೀಪಕ್ಕೇ ಮೊದಲ ಜಾಗ ಕೊಡುತ್ತಾನೆ. ಕಾರಣ, ಮನೆಯಲ್ಲಿ ನೆಮ್ಮದಿ ಇರಬೇಕು, ಜನ ಕತ್ತಲಲ್ಲಿ ಕೂತು ಉಣ್ಣಬಾರದು. ಪವಾಡದ ನೆನಪು ಕೂಡ ಮನೆಯವರ ಊಟದ ನಂತರ! ಧರ್ಮಗ್ರಂಥದಲ್ಲಿ ಇಷ್ಟು ನೇರವಾಗಿ ಹೀಗೆ ಹೇಳಿರುವುದು ನನಗೆ ಬಹಳ ಹಿಡಿಸಿತು.

ಮೂರನೆಯದು ಪಿಜಿಯಲ್ಲಿರುವವರಿಗೆ. ಪರಊರಿನಲ್ಲಿ ಬೇರೆಯವರ ಮನೆಯಲ್ಲಿ ಉಳಿದುಕೊಂಡ ಯಹೂದಿ ಏನು ಮಾಡಬೇಕು? ಮನೆಯವರಿಗೆ ಎಣ್ಣೆಗೆ ಅಂತ ಒಂದು ಕಾಸು ಕೊಟ್ಟರೆ ಸಾಕು, ಅವರ ದೀಪದಲ್ಲಿ ಅವನದೂ ಪಾಲು.

ಹೋಗುವ ಬಗ್ಗೆ ಎರಡು ಮಾತು. 2008ರಲ್ಲಿ ಮುಂಬೈಯ ಯಹೂದಿ ಕೇಂದ್ರ ನರಿಮನ್ ಹೌಸ್ ಮೇಲೆ ನಡೆದ ಉಗ್ರರ ದಾಳಿಯ ನಂತರ ಸಿನಗಾಗ್‌ಗಳಲ್ಲಿ ಕಾವಲು ಬಿಗಿ. ಗುರುತಿನ ಚೀಟಿ ಇಟ್ಟುಕೊಳ್ಳಿ, ಗೆಳೆಯರ ಜತೆಗೇ ಒಳಗೆ ಹೋಗಿ. ಗಂಡಸರು ತಲೆ ಮುಚ್ಚಬೇಕು, ಟೋಪಿ ಅಲ್ಲೇ ಸಿಗುತ್ತದೆ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಜಾಗ. ಕರೆದಿರುವುದು ಶುಕ್ರವಾರವಾದರೆ ಬೇಗ ಹೊರಡಿ, ಯಾಕೆಂದರೆ ಅವತ್ತು ಸೂರ್ಯ ಮುಳುಗುವ ಮುಂಚೆಯೇ ಹನುಕ್ಕಾ ದೀಪ ಹಚ್ಚಿ, ಆಮೇಲೆ ಶಬ್ಬಾತ್ ದೀಪ ಹಚ್ಚುತ್ತಾರೆ. ನಂತರ ಫೋಟೋ ತೆಗೆಯುವುದು, ಫೋನ್ ಬಳಸುವುದು ಬೇಡ. 2026ರಲ್ಲಿ ಮೊದಲ ಸಂಜೆಯೇ, ಡಿಸೆಂಬರ್ 4, ಶುಕ್ರವಾರ ಬರುತ್ತದೆ. ಅವತ್ತು ದ್ರಾಕ್ಷಾರಸದ ಬದಲು ಒಣದ್ರಾಕ್ಷಿ ನೆನೆಸಿ ಮಾಡಿದ ಶರಬತ್ತು ಕೊಡಬಹುದು. ಕುಡಿಯಿರಿ, ಚೆನ್ನಾಗಿರುತ್ತದೆ.

ಏನು ಒಯ್ಯಬೇಕು? ಧಾರವಾಡ ಪೇಡೆ ಅಂತ ನಾನೇ ಹೇಳಬೇಕಿತ್ತು, ಆದರೆ ಹೇಳುವುದಿಲ್ಲ. ಮಾಂಸದ ಜತೆ ಹಾಲಿನ ಪದಾರ್ಥ ಅವರು ತಿನ್ನುವುದಿಲ್ಲ. ಅವತ್ತು ಮಾಂಸದ ಅಡುಗೆ ಇದ್ದರೆ ನಿಮ್ಮ ಪೇಡೆ ಡಬ್ಬಿಯಲ್ಲೇ ಉಳಿಯುತ್ತದೆ. ಅವರ ಹಲ್ವಾಕ್ಕೂ ತೆಂಗಿನ ಹಾಲು ಬೀಳುವುದು ಇದೇ ಕಾರಣಕ್ಕೆ. ಹಣ್ಣು ಒಯ್ಯಿರಿ. ಇಲ್ಲವೇ ಹಿಂದಿನ ದಿನ ಗೆಳೆಯರನ್ನೇ ಕೇಳಿಬಿಡಿ.