ಓದುಗರ ಪ್ರಶ್ನೆ: 108 ಎಂದು ಕೊಂಡ ಕ್ಯಾಮೆರಾ 12 ಆದದ್ದೇಕೆ?

ಪ್ರಶ್ನೆ: ಕಳೆದ ತಿಂಗಳು 108 ಮೆಗಾಪಿಕ್ಸೆಲ್ ಕ್ಯಾಮೆರಾ ಇರುವ ಫೋನ್ ಕೊಂಡೆ. ಮೊದಲ ಭಾನುವಾರವೇ ನಂದಿಬೆಟ್ಟಕ್ಕೆ ಹೋಗಿ ಸೂರ್ಯೋದಯವನ್ನೂ, ಇಳಿದು ಬಂದ ಮೇಲೆ ಭೋಗನಂದೀಶ್ವರ ದೇವಸ್ಥಾನದ ಕಂಬಗಳನ್ನೂ ತೆಗೆದೆ. ವಿವರ ತೆರೆದು ನೋಡಿದರೆ ಎಲ್ಲ ಚಿತ್ರಗಳೂ 12 ಮೆಗಾಪಿಕ್ಸೆಲ್. ಬೆಳಗಿನ ಕೆಂಪು ಮಾಸಲಾಗಿದೆ, ಕಂಬದ ಕೆತ್ತನೆ ಮೇಣ ಸವರಿದಂತೆ ಕಾಣುತ್ತದೆ. ಅಂಗಡಿಯವರು ಮೋಸ ಮಾಡಿದರೇ?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಮೋಸವಾಗಿಲ್ಲ, ಆದರೆ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಸಂಖ್ಯೆ ನಿಮಗೆ ಅರ್ಧ ಸಂಗತಿಯನ್ನಷ್ಟೇ ಹೇಳಿದೆ. ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಬಿಂದು; ನಿಮ್ಮ ಫೋನಿನ ಸೆನ್ಸರ್‌ನಲ್ಲಿ, ಅಂದರೆ ಬೆಳಕನ್ನು ಹಿಡಿಯುವ ಚಿಪ್ಪಿನಲ್ಲಿ, ಹತ್ತು ಕೋಟಿಗೂ ಮೀರಿದ ಬಿಂದುಗಳಿರುವುದು ನಿಜ. ಇಂಥ ಸೆನ್ಸರ್‌ಗಳಲ್ಲಿ ಒಂದೊಂದು ಬಿಂದುವಿನ ಅಗಲ ಸುಮಾರು 0.6ರಿಂದ 0.8 ಮೈಕ್ರೋಮೀಟರ್ ಮಾತ್ರ. ತಲೆಗೂದಲೊಂದರ ಅಡ್ಡಗಲದಲ್ಲಿ ಸುಮಾರು ನೂರು ಬಿಂದುಗಳನ್ನು ಸಾಲಾಗಿ ಕೂರಿಸಬಹುದು. ಅಷ್ಟು ಕಿರಿದಾದ ಬಿಂದುವಿಗೆ ಸಿಗುವ ಬೆಳಕೂ ಅಷ್ಟೇ ಕಡಿಮೆ. ಆದ್ದರಿಂದ ಫೋನು ಅಕ್ಕಪಕ್ಕದ ಒಂಬತ್ತು ಬಿಂದುಗಳನ್ನು ಕೂಡಿಸಿ ಒಂದೇ ದೊಡ್ಡ ಬಿಂದುವಿನಂತೆ ಬಳಸಿಕೊಳ್ಳುತ್ತದೆ. 108ನ್ನು ಒಂಬತ್ತರಿಂದ ಭಾಗಿಸಿದರೆ 12. ನೀವು ಕಂಡ ಲೆಕ್ಕ ಅದೇ. ಕ್ಯಾಮೆರಾ ಆ್ಯಪ್‌ನಲ್ಲಿ 108 ಎಂಬ ಬೇರೆ ಆಯ್ಕೆ ಇರುತ್ತದೆ. ಅದರಲ್ಲಿ ತೆಗೆದ ಚಿತ್ರದ ಅಳತೆ 4000 x 3000ರ ಬದಲು 12000 x 9000 ಎಂದು ತೋರಿಸಿದರೆ ನಿಮ್ಮ ಹಣಕ್ಕೆ ಸಲ್ಲಬೇಕಾದ ಸೆನ್ಸರ್ ಒಳಗಿದೆ ಎಂದೇ ತಿಳಿಯಿರಿ. ಹಾಗೆಂದು ಸದಾ ಅದನ್ನೇ ಬಳಸಬೇಡಿ. ಬಿಸಿಲಿನಲ್ಲಿ, ದೂರದ ಬೆಟ್ಟಸಾಲನ್ನೋ ಗೋಪುರವನ್ನೋ ತೆಗೆದು ಆಮೇಲೆ ಕತ್ತರಿಸಿಕೊಳ್ಳುವಾಗ ಮಾತ್ರ ಅದರಿಂದ ಲಾಭ.

ಕಂಬಗಳ ವಿಷಯ ಬೇರೆ. ಮಂಟಪದೊಳಗಿನ ನೆರಳಿನಲ್ಲಿ ಕರಿಕಲ್ಲನ್ನು ತೆಗೆಯುವಾಗ ಬೆಳಕು ಸಾಲದೆ ಚಿತ್ರದಲ್ಲಿ ರವೆ ಚೆಲ್ಲಿದಂತೆ ಚುಕ್ಕಿಗಳು ಏಳುತ್ತವೆ. ಅವನ್ನು ಅಳಿಸಲು ಫೋನಿನ ತಂತ್ರಾಂಶ ಚಿತ್ರವನ್ನು ನಯಗೊಳಿಸುತ್ತದೆ, ಆಗ ಚುಕ್ಕಿ ಯಾವುದು, ಉಳಿಯ ಗೀರು ಯಾವುದು ಎಂಬ ವಿವೇಚನೆ ಅದಕ್ಕೆ ಪೂರ್ತಿಯಾಗಿ ಇರುವುದಿಲ್ಲ. ನೀವು ಹೇಳುವ ಮೇಣ ಇದೇ. ಮುಂದಿನ ಸಲ ಜೂಮ್ ಮಾಡದೆ ಕಂಬದ ಹತ್ತಿರವೇ ಹೋಗಿ, ಮೊಣಕೈಗಳನ್ನು ಎದೆಗೊತ್ತಿ ಹಿಡಿದು, ರಾತ್ರಿ ಮೋಡ್‌ನಲ್ಲಿ ಎರಡು ಮೂರು ಸೆಕೆಂಡು ಅಲುಗಾಡದೆ ನಿಂತು ತೆಗೆಯಿರಿ. ಆ ಹೊತ್ತಿನಲ್ಲಿ ಫೋನು ಹಲವು ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆಯುವುದರಿಂದ ಚುಕ್ಕಿಗಳು ಕರಗಿ ಕೆತ್ತನೆ ಉಳಿಯುತ್ತದೆ. ಕಲ್ಲು ಅಲುಗಾಡುವುದಿಲ್ಲವಾದ್ದರಿಂದ ಈ ವಿಧಾನ ದೇವಸ್ಥಾನಗಳಿಗೆಂದೇ ಹುಟ್ಟಿದಂತಿದೆ. ಓಡಾಡುವ ಮಕ್ಕಳ ಮೇಲೆ ಪ್ರಯೋಗಿಸಿದರೆ ಮೂರು ಕೈ ಮೂಡುವುದುಂಟು.

ಇನ್ನು ಸೂರ್ಯೋದಯ. ಬಿಳಿಯನ್ನು ಬಿಳಿಯಾಗಿಯೇ ತೋರಿಸಬೇಕೆಂಬ ಹಟ ಕ್ಯಾಮೆರಾದ್ದು; ಬೆಳಗಿನ ಕೆಂಪನ್ನು ಅದು ಬಣ್ಣದ ದೋಷವೆಂದು ಭಾವಿಸಿ ತಿದ್ದಿಬಿಡುತ್ತದೆ. ಸೂರ್ಯನ ಪಕ್ಕದ ಮೋಡದ ಮೇಲೆ ಬೆರಳಿಟ್ಟು, ಆಗ ಕಾಣುವ ಬೆಳಕಿನ ಗುರುತನ್ನು ಕೆಳಕ್ಕೆ ಎಳೆಯಿರಿ. ಬೆಟ್ಟಗಳು ಕಪ್ಪಾದರೂ ಚಿಂತೆಯಿಲ್ಲ, ಆಕಾಶಕ್ಕೆ ಬಣ್ಣ ಮರಳುತ್ತದೆ. ಇನ್ನೊಂದು ಮಾತು: 1478 ಮೀಟರ್ ಎತ್ತರದ ಆ ನೆತ್ತಿಯಲ್ಲಿ ಮುಂಜಾನೆಯ ಮಂಜು ಲೆನ್ಸಿನ ಮೇಲೂ ಕೂರುತ್ತದೆ. ಹತ್ತಿಬಟ್ಟೆಯಲ್ಲಿ ಒರೆಸಿಕೊಂಡಿರಾ?

ಲೆನ್ಸಿನ ಮಾತು ಬಂದದ್ದರಿಂದ ನನ್ನದೇ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯೊಂದರಲ್ಲಿ ಹೊಸ ಫೋನಿಗೆ ಕವಚ ಹಾಕಿಸಿದಾಗ, ಅಲ್ಲಿದ್ದ ಹುಡುಗ ಕ್ಯಾಮೆರಾದ ಮೇಲೂ ಒಂದು ರಕ್ಷಣೆಯ ಗಾಜನ್ನು ಅಂಟಿಸಿಕೊಟ್ಟ. ಅಂದು ರಾತ್ರಿ ತೆಗೆದ ಚಿತ್ರಗಳಲ್ಲಿ ಪ್ರತಿ ಬೀದಿದೀಪದ ಸುತ್ತಲೂ ಪ್ರಭಾವಳಿ. ಮೂರು ದಿನ ಫೋನನ್ನೇ ಬೈದುಕೊಂಡು, ನಾಲ್ಕನೆಯ ದಿನ ಉಗುರಿನಿಂದ ಆ ಗಾಜನ್ನು ಎಬ್ಬಿಸಿ ನೋಡಿದರೆ, ಅದರ ಅಡಿಯಲ್ಲಿ ಅಂಟಿನ ಒಂದು ಗುಳ್ಳೆ ಲೆನ್ಸಿಗೆ ಸರಿಯಾಗಿ ಎದುರಾಗಿ ಕುಳಿತಿತ್ತು. ಹೊಸ ಫೋನಿನ ಬಗ್ಗೆ ಮೊದಲ ತೀರ್ಪು ಕೊಡುವ ಮುನ್ನ ಅಂಥದ್ದೇನಾದರೂ ಇದೆಯೇ ಎಂದು ನೋಡಿಕೊಳ್ಳಿ.

ಪ್ರಶ್ನೆ: ನಾವು ಟೊಮೆಟೊ ಬೆಳೆಗಾರರು. ಎಲೆಯ ಮೇಲೆ ರಂಗೋಲಿ ಹುಳುವಿನ ಗೆರೆಗಳನ್ನು ಹೊಸ ಫೋನಿನ ಮ್ಯಾಕ್ರೋ (ತೀರ ಹತ್ತಿರದಿಂದ ತೆಗೆಯಲೆಂದಿರುವ) ಕ್ಯಾಮೆರಾದಲ್ಲಿ ತೆಗೆದು ಕೃಷಿ ಅಧಿಕಾರಿಗೆ ವಾಟ್ಸಾಪ್ ಮಾಡಿದರೆ, ಏನೂ ತಿಳಿಯುತ್ತಿಲ್ಲ ಎನ್ನುತ್ತಾರೆ.
– ಓದುಗರೊಬ್ಬರು, ಕೋಲಾರ

ಉತ್ತರ: ಕಡಿಮೆ ಬೆಲೆಯ ಫೋನುಗಳ ಮ್ಯಾಕ್ರೋ ಕ್ಯಾಮೆರಾ ಹೆಚ್ಚಾಗಿ 2 ಮೆಗಾಪಿಕ್ಸೆಲ್‌ನದು, ಫೋಕಸ್ ಬದಲಿಸಲು ಬಾರದ್ದು. ಹಿಂಬದಿಯಲ್ಲಿ ಮೂರು ಕಣ್ಣು ಕಾಣಲೆಂದು ಕೂರಿಸಿದ ಅಲಂಕಾರ ಅದು ಎಂಬುದು ನನ್ನ ಅಭಿಪ್ರಾಯ. ಅದನ್ನು ಮರೆತು ಮುಖ್ಯ ಕ್ಯಾಮೆರಾದಲ್ಲಿಯೇ, ಎಲೆಯಿಂದ ಗೇಣಿನಷ್ಟು ದೂರ ಹಿಡಿದು, ಎರಡರಷ್ಟು ಜೂಮ್ ಮಾಡಿ, ಹುಳು ಕೊರೆದ ಗೆರೆಯ ಮೇಲೆ ಬೆರಳಿಟ್ಟು ತೆಗೆಯಿರಿ. ಉರಿಬಿಸಿಲಿದ್ದರೆ ನಿಮ್ಮ ಮೈಯ ನೆರಳು ಎಲೆಯ ಮೇಲೆ ಬೀಳುವಂತೆ ನಿಲ್ಲಿ, ಇಲ್ಲವಾದರೆ ಬಿಳಿ ಗೆರೆ ಎಲೆಯ ಹೊಳಪಿನಲ್ಲಿ ಮುಚ್ಚಿಹೋಗುತ್ತದೆ. ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯ ಇಟ್ಟರೆ ನೋಡುವವರಿಗೆ ಅಳತೆಯ ಅಂದಾಜು ಸಿಗುತ್ತದೆ. ಎಲೆಯ ಅಡಿಭಾಗದ ಚಿತ್ರವೂ ಇರಲಿ.

ವಾಟ್ಸಾಪ್ ಚಿತ್ರವನ್ನು ಕಳಿಸುವ ಮುನ್ನ ಹಿಂಡಿ ಚಿಕ್ಕದು ಮಾಡುತ್ತದೆ. ಗ್ಯಾಲರಿಯಿಂದ ಕಳಿಸುವ ಬದಲು ಡಾಕ್ಯುಮೆಂಟ್ ಎಂಬ ಆಯ್ಕೆಯ ಮೂಲಕ ಕಳಿಸಿ. ತೆಗೆದದ್ದು ತೆಗೆದಂತೆಯೇ ತಲುಪುತ್ತದೆ.